ಏರಿಯಾ ಹೇಗಿದೆ ಅಂತ ಕೇಳುವ ಮೊದಲು

ಹಾಸನದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲಸ ಸಿಕ್ಕಿದೆಯಂತೆ. ಹೆಂಡತಿ ಮತ್ತು ಆರು ವರ್ಷದ ಮಗಳನ್ನು ಕರೆದುಕೊಂಡು ಬರಬೇಕು. “ಅಣ್ಣ, ನೀವಿರೋ ಕಲ್ಯಾಣ ನಗರ ಫ್ಯಾಮಿಲಿಗೆ ಒಳ್ಳೇದಾ? ಇಲ್ಲಾ ಹೆಣ್ಣೂರು ರೋಡ್ ಕಡೆ ಗೇಟೆಡ್ ಅಪಾರ್ಟ್‌ಮೆಂಟ್ ನೋಡ್ಲಾ?” ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಪಟ್ಟಿ ಶುರುವಾಯಿತು. ಕಾವೇರಿ ನೀರು ಬರುತ್ತಾ, ಕಾರ್ ಪಾರ್ಕಿಂಗ್ ಇರುತ್ತಾ, ಪವರ್ ಬ್ಯಾಕಪ್ ಹೇಗೆ, ಹತ್ತಿರದಲ್ಲಿ ಒಳ್ಳೆ ಇಂಟರ್‌ನ್ಯಾಷನಲ್ ಸ್ಕೂಲ್ ಯಾವುದು, ಮೆಟ್ರೊ ಯಾವಾಗ ಓಡುತ್ತೆ. ಕೊನೆಗೆ ದನಿ ಸ್ವಲ್ಪ ತಗ್ಗಿಸಿ, “ಅಕ್ಕಪಕ್ಕದ ಜನ ಹೇಗೆ ಅಣ್ಣ? ಡೀಸೆಂಟಾ?”

ಫೋನ್ ಇಟ್ಟ ಮೇಲೆ ಆ ಪಟ್ಟಿಯಲ್ಲಿ ಮಗಳು ಎಲ್ಲಿದ್ದಾಳೆ ಎಂದು ಹುಡುಕಿದೆ. ಸ್ಕೂಲಿನ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಕಾರಿಗೆ ಜಾಗ ಕೇಳಿದ್ದ, ಮಗಳು ಆಡುವ ಜಾಗ ಕೇಳಿರಲಿಲ್ಲ. ಅವನನ್ನು ದೂರುತ್ತಿಲ್ಲ. ಹತ್ತು ವರ್ಷದ ಹಿಂದೆ ನಾನು ಬ್ರೋಕರ್ ಹಿಂದೆ ಅಲೆಯುವಾಗ ಕೇಳಿದ್ದೂ ಇವೇ ಪ್ರಶ್ನೆಗಳು. ಮಕ್ಕಳಿಗಾಗಿ ಒಳ್ಳೆಯ ಏರಿಯಾ ಹುಡುಕುತ್ತಿದ್ದೇವೆ ಎಂದು ನಾವೆಲ್ಲ ಹೇಳಿಕೊಳ್ಳುತ್ತೇವೆ, ಆದರೆ ಅಳೆಯುವುದು ದೊಡ್ಡವರ ಅನುಕೂಲವನ್ನು. ಈ ಅಳತೆಗೋಲೇ ತಪ್ಪು, ಮತ್ತು ಅದನ್ನು ಹಿಡಿದು ಮನೆ ಹುಡುಕುವ ನಾವೇ ಊರನ್ನು ಮಕ್ಕಳಿಗೆ ಒಗ್ಗದಂತೆ ಮಾಡುತ್ತಿದ್ದೇವೆ ಎಂಬುದು ನನ್ನ ತಕರಾರು.

ನನ್ನ ಅಳತೆ ಸರಳ. ಎಂಟು ವರ್ಷದ ಮಗು ಮನೆಯಿಂದ ಒಂಟಿಯಾಗಿ ಹೊರಟು, ಮೂಲೆಯ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೊಂಡು, ಚಿಲ್ಲರೆ ಎಣಿಸಿಕೊಂಡು, ದಾರಿಯಲ್ಲಿ ಗೆಳತಿಯ ಮನೆಯ ಗೇಟಿನ ಬಳಿ ಹತ್ತು ನಿಮಿಷ ಹರಟಿ ವಾಪಸ್ ಬರಬಹುದೇ? ಅಷ್ಟು ಹೊತ್ತು ಮನೆಯಲ್ಲಿದ್ದವರ ಎದೆ ಹೊಡೆದುಕೊಳ್ಳದೆ ಇರುತ್ತದೆಯೇ? ಹೌದಾದರೆ ಅದು ಒಳ್ಳೆಯ ಏರಿಯಾ. ಇಲ್ಲವಾದರೆ ಅಲ್ಲಿ ಈಜುಕೊಳವಿದ್ದರೂ ಮಗುವನ್ನು ಬೆಳೆಸುವ ಜಾಗ ಅದಲ್ಲ.

ಈ ಅಳತೆಯನ್ನು ಮೊದಲು ನಮ್ಮ ಕಲ್ಯಾಣ ನಗರಕ್ಕೇ ಹಚ್ಚೋಣ. ಇದರ ದೊಡ್ಡ ಭಾಗ ಬಿಡಿಎ ಮಾಡಿದ ಎಚ್‌ಆರ್‌ಬಿಆರ್ ಬಡಾವಣೆ. ಹೆಣ್ಣೂರು ರಸ್ತೆ, ಬಾಣಸವಾಡಿ ರಸ್ತೆಗಳ ಮೊದಲ ಅಕ್ಷರಗಳಿಂದ ಹುಟ್ಟಿದ ಹೆಸರು ಅದು. ನೇರವಾದ ಕ್ರಾಸ್‌ಗಳು, ಪಾರ್ಕುಗಳು, ಹೊಂಗೆ ಮರಗಳು. ನಕ್ಷೆಯಲ್ಲಿ ನೋಡಿದರೆ ಸಂಸಾರಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಭಾನುವಾರ ಸಂಜೆ ಒಂದು ಕ್ರಾಸ್‌ನ ಈ ತುದಿಯಿಂದ ಆ ತುದಿಗೆ ನಡೆದು ನೋಡಿ. ಎರಡೂ ಬದಿ ಕಾರು ನಿಂತಿರುತ್ತವೆ. ಫುಟ್‌ಪಾತ್ ಮೇಲೆ ಮನೆಯವರ ಕೈತೋಟ, ಅದರಾಚೆ ಕಾರು ಹತ್ತಿಸುವ ಇಳಿಜಾರು, ಮುಂದೆ ಟ್ರಾನ್ಸ್‌ಫಾರ್ಮರ್. ಮಗು ನಡೆಯಬೇಕಾದರೆ ನಡುರಸ್ತೆಗೆ ಇಳಿಯಬೇಕು, ಅಲ್ಲಿ ಡೆಲಿವರಿ ಹುಡುಗರು ಗಡಿಯಾರದ ಜೊತೆ ಓಡುತ್ತಿರುತ್ತಾರೆ. ಪಾರ್ಕಿನ ಗೇಟಿನಲ್ಲಿ ‘ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಬೋರ್ಡು. ಒಳಗೆ ನಾವು ದೊಡ್ಡವರು ಪ್ರದಕ್ಷಿಣೆ ಹಾಕುತ್ತಿರುತ್ತೇವೆ.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಬಡಾವಣೆ ನುಂಗದೆ ಉಳಿಸಿದ ಹಳ್ಳಿಗಳಿವೆ: ಚೇಳೆಕೆರೆ, ಕಾಚರಕನಹಳ್ಳಿ, ಹಳೆಯ ಬಾಣಸವಾಡಿ. ಚೇಳೆಕೆರೆಯ ಹೆಸರಿನಲ್ಲಿ ಕೆರೆಯಿದೆ, ಕಣ್ಣಿಗೆ ಕಾಣುವುದು ಮನೆಗಳು. ಈ ಹಳ್ಳಿಗಳ ಓಣಿಗಳಿಗೆ ಕಾರು ನುಗ್ಗುವುದು ಕಷ್ಟ. ಸಂಜೆ ಅಲ್ಲಿ ಹೋದರೆ ಮಕ್ಕಳಿರುತ್ತಾರೆ. ಜಗಲಿಯ ಮೇಲೆ ಅಜ್ಜಿಯೊಬ್ಬರು ಕಾಳು ಆರಿಸುತ್ತಾ ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾರೆ. ಹುಡುಗಿಯೊಬ್ಬಳು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಡಿಗೆ ಹಾಲಿಗೆ ಬಂದಿರುತ್ತಾಳೆ. ಬ್ರೋಕರ್ ಈ ಓಣಿಗಳನ್ನು ಫ್ಯಾಮಿಲಿಗೆ ತೋರಿಸುವುದೇ ಇಲ್ಲ, ‘ಅದು ವಿಲೇಜ್ ಸಾರ್’ ಎಂದುಬಿಡುತ್ತಾನೆ. ಅಲ್ಲಿ ಮೋರಿಯ ವಾಸನೆ ಇದೆ, ಗಾಳಿ ಬೆಳಕು ಕಡಿಮೆ, ಮನೆಗಳು ಒಂದರ ಮೇಲೊಂದು ಬಿದ್ದಂತಿವೆ. ಬಡತನವನ್ನು ಚಂದ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೂ ಎಂಟು ವರ್ಷದ ಮಗುವಿನ ಪರೀಕ್ಷೆಯಲ್ಲಿ ಪಾಸಾಗುವುದು ಆ ಓಣಿ. ಕೋಟಿಗಟ್ಟಲೆ ಬೆಲೆಯ ಸೈಟುಗಳಿರುವ ನಮ್ಮ ಕ್ರಾಸ್ ಫೇಲು.

ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲೇ ಇದನ್ನು ಬರೆದಿದ್ದರು. ರಸ್ತೆಯನ್ನು ಸುರಕ್ಷಿತವಾಗಿಡುವುದು ಪೊಲೀಸರಿಗಿಂತ ಹೆಚ್ಚಾಗಿ ರಸ್ತೆಯ ಮೇಲಿನ ಕಣ್ಣುಗಳು, ಅಂಗಡಿಯವರು, ಕಿಟಕಿಯಲ್ಲಿ ನಿಂತವರು, ಹೋಗಿಬರುವವರು ಎಂಬುದು ಅವರ ವಾದ. ಜಪಾನಿನಲ್ಲಿ ಒಂದನೇ ತರಗತಿಯ ಮಕ್ಕಳು ನಡೆದೇ ಶಾಲೆಗೆ ಹೋಗುತ್ತಾರೆ, ರಸ್ತೆ ದಾಟಿಸಲು ಊರಿನ ಹಿರಿಯರು ನಿಂತಿರುತ್ತಾರೆ. ನಮ್ಮಲ್ಲಿ ಆ ಕಣ್ಣುಗಳೆಲ್ಲ ಸಿಸಿಟಿವಿಯ ಪರದೆಗೆ ಹೋಗಿವೆ.

ಹಾಗಾದರೆ ಗೇಟೆಡ್ ಅಪಾರ್ಟ್‌ಮೆಂಟೇ ಸರಿಯಲ್ಲವೇ, ಒಳಗೆ ಮಕ್ಕಳು ಆಡುತ್ತಾರಲ್ಲ ಎನ್ನುತ್ತೀರಿ. ಆಡುತ್ತಾರೆ, ನಿಜ. ಆದರೆ ಆ ಗೇಟು ಎಲ್ಲಿ ನಿಂತಿದೆ ಎಂಬುದನ್ನೂ ನೋಡಬೇಕು. ರಿಂಗ್ ರಸ್ತೆಯಾಚೆಗಿನ ನಮ್ಮ ನೆರೆಹೊರೆಯನ್ನೇ ತೆಗೆದುಕೊಳ್ಳಿ. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ, ಅನುಮತಿ ಮೀರಿ ಮಹಡಿ ಏರಿಸುತ್ತಿದ್ದ ಕಟ್ಟಡ ಮಳೆಯ ನಡುವೆ ಕುಸಿದು ಕಾರ್ಮಿಕರು ಸತ್ತರು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್‌ನ ಮನೆಗಳ ಒಳಗೆ ನೀರು ನಿಂತಿತು, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ರೈಲು ಹಳಿಯ ಕೆಳಗೆ ರಾಜಕಾಲುವೆಗೆ ಬಿಟ್ಟ ಕಿಂಡಿ ಸಣ್ಣದು, ಬಡಾವಣೆ ತಗ್ಗಿನಲ್ಲಿದೆ. ಈ ಜಾಗಗಳನ್ನೂ ಯಾರೋ ಬ್ರೋಕರ್ ‘ಫ್ಯಾಮಿಲಿಗೆ ಒಳ್ಳೇ ಏರಿಯಾ ಸಾರ್’ ಎಂದೇ ತೋರಿಸಿರುತ್ತಾನೆ. ಗೇಟಿನೊಳಗಿನ ಟೈಲ್ಸ್ ನೋಡಿದವರು ಗೇಟಿನ ಹೊರಗೆ ನೀರು ಎತ್ತ ಹರಿಯುತ್ತದೆ ಎಂದು ಕೇಳಿರುವುದಿಲ್ಲ. ಗೇಟು ದಾಟಿದೊಡನೆ ಮಗುವಿಗೆ ಊರೇ ಇಲ್ಲ. ಶಾಲೆಗೆ ಬಸ್ಸು, ಸಂಗೀತಕ್ಕೆ ಕಾರು, ಗೆಳೆಯನ ಮನೆಗೂ ಕಾರು. ಹದಿನೈದು ವರ್ಷದವರೆಗೆ ಒಂಟಿಯಾಗಿ ರಸ್ತೆ ದಾಟದ ಮಕ್ಕಳನ್ನು ನಾನು ಬಲ್ಲೆ.

ಆ ಕಾರುಗಳೆಲ್ಲ ಓಡುವುದು ಬೇರೆ ಮಕ್ಕಳು ನಡೆಯಬೇಕಾದ ರಸ್ತೆಯಲ್ಲಿ. ನನ್ನ ಮಗುವನ್ನು ಅಪಾಯದಿಂದ ಕಾಪಾಡಲು ನಾನು ತೆಗೆಯುವ ಕಾರು ಪಕ್ಕದ ಕ್ರಾಸಿನ ಮಗುವಿಗೆ ಅಪಾಯ. ಅವರಪ್ಪನೂ ಅದೇ ಭಯಕ್ಕೆ ಕಾರು ತೆಗೆಯುತ್ತಾನೆ. ಬೆಳಿಗ್ಗೆ ಎಂಟಕ್ಕೆ ಶಾಲೆಗಳ ಮುಂದಿನ ನೂಕುನುಗ್ಗಲು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಶಾಲೆಯ ವಿಷಯಕ್ಕೆ ಬಂದೆ. ಒಂದೇ ಬೀದಿಯ ಮಕ್ಕಳು ಒಂದೇ ಶಾಲೆಗೆ ಹೋಗಬೇಕು ಎಂಬ ನೆರೆಹೊರೆ ಶಾಲೆಯ ಕಲ್ಪನೆಯನ್ನು ಕೊಠಾರಿ ಆಯೋಗ 1966ರಲ್ಲೇ ಮುಂದಿಟ್ಟಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ನೆರೆಹೊರೆ ಎಂಬ ಮಾತನ್ನು ಕಾನೂನಿಗೆ ತಂದಿತು, ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ನಡಿಗೆಯ ದೂರ ಎಂದು ಕೇಂದ್ರದ ನಿಯಮ ಹೇಳಿತು. ನಾವು ಮಾಡಿದ್ದೇನು? ನಮ್ಮ ಕ್ರಾಸಿಗೆ ಬೆಳಿಗ್ಗೆ ಐದಾರು ಬಣ್ಣದ ಶಾಲಾ ಬಸ್ಸುಗಳು ಬರುತ್ತವೆ, ಒಂದೊಂದರಲ್ಲಿ ಒಬ್ಬಿಬ್ಬರು ಹತ್ತುತ್ತಾರೆ. ಎದುರುಬದುರು ಮನೆಯ ಮಕ್ಕಳಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ನಡೆದುಹೋಗುವ ದೂರದಲ್ಲೇ ಸರ್ಕಾರಿ ಶಾಲೆ ಇದ್ದರೂ ಅಲ್ಲಿ ಮನೆಕೆಲಸದವರ, ಸೆಕ್ಯುರಿಟಿಯವರ ಮಕ್ಕಳು ಓದುತ್ತಾರೆ. ಆ ಮಕ್ಕಳು ಮಾತ್ರ ನಡೆದು ಹೋಗುತ್ತಾರೆ, ನಾವು ಅವರಿಗೆ ಹಾರ್ನ್ ಹೊಡೆಯುತ್ತೇವೆ.

ಇನ್ನು ಆ ಕೊನೆಯ, ದನಿ ತಗ್ಗಿಸಿ ಕೇಳಿದ ಪ್ರಶ್ನೆ. ‘ಡೀಸೆಂಟ್ ಜನ’ ಎಂಬುದಕ್ಕೆ ಬೆಂಗಳೂರಿನಲ್ಲಿ ಹಳೆಯ ಚರಿತ್ರೆ ಇದೆ. 1898ರ ಪ್ಲೇಗಿನ ಬೆನ್ನಿಗೆ ಬಸವನಗುಡಿ, ಮಲ್ಲೇಶ್ವರ ಎದ್ದಾಗ ನಿವೇಶನಗಳನ್ನು ಜಾತಿವಾರು ವಿಂಗಡಿಸಿ ಹಂಚಲಾಗಿತ್ತು. ಒಳ್ಳೆಯ ಏರಿಯಾ ಎಂದರೆ ಗಾಳಿ ಬೆಳಕು ಇರುವ ಜಾಗ ಎಂಬುದರ ಜೊತೆಗೇ ನಮ್ಮವರು ಇರುವ ಜಾಗ ಎಂಬುದೂ ಅಂದೇ ಸೇರಿಕೊಂಡಿತ್ತು. ಇಂದು ಬೋರ್ಡಿನಲ್ಲಿ ಜಾತಿ ಬರೆಯುವುದಿಲ್ಲ, ‘ವೆಜಿಟೇರಿಯನ್ಸ್ ಓನ್ಲಿ’ ಎಂದು ಬರೆಯುತ್ತಾರೆ. ಕಮ್ಮನಹಳ್ಳಿ, ಕಲ್ಯಾಣ ನಗರಗಳಲ್ಲಿ ತಮಿಳು, ಮಲಯಾಳಂ, ತೆಲುಗು, ಉರ್ದು, ಈಶಾನ್ಯದ ಭಾಷೆಗಳು ಕಿವಿಗೆ ಬೀಳುತ್ತವೆ, ಆಫ್ರಿಕಾದಿಂದ ಓದಲು ಬಂದವರೂ ಇದ್ದಾರೆ. ಮಗುವಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕೇ? ಕನ್ನಡ ಬೀದಿಯಲ್ಲಿ ಉಳಿಯುವುದೂ ಹೀಗೆಯೇ. ಮಣಿಪುರದ ಹುಡುಗನಿಗೆ ‘ಔಟ್ ಅಲ್ಲ ಕಣೋ, ಬಾಲ್ ನೆಲಕ್ಕೆ ಬಿತ್ತು’ ಎಂದು ಜಗಳವಾಡಿ ಕಲಿಸುವ ಕನ್ನಡ ಯಾವ ಕ್ಲಾಸಿನಲ್ಲೂ ಸಿಗುವುದಿಲ್ಲ. ಆ ಹುಡುಗನ ಅಪ್ಪನಿಗೆ ಮನೆ ಕೊಡದವರು ತಮ್ಮ ಮಗುವಿನ ಗೆಳೆಯನನ್ನೇ ಗೇಟಿನಿಂದಾಚೆ ಕಳಿಸಿದ್ದಾರೆ.

ಮನೆ ಮಾಲೀಕರಿಗೂ ನನ್ನದೊಂದು ಮಾತಿದೆ. ಬಾಡಿಗೆ ಕರಾರು 11 ತಿಂಗಳದು. ಪ್ರತಿ ಸಲ ಬಾಡಿಗೆ ಏರುತ್ತದೆ, ತಾಳದವರು ಗಂಟುಮೂಟೆ ಕಟ್ಟುತ್ತಾರೆ. ಮಗು ಒಂದು ಬೀದಿಯ ನಾಯಿಗಳ ಹೆಸರು ಕಲಿಯುವಷ್ಟರಲ್ಲಿ ಬೀದಿಯೇ ಬದಲಾಗುತ್ತದೆ. ಸಂಸಾರಸ್ಥರು ಬಿಟ್ಟುಹೋದ ಮನೆ ಪಿಜಿ ಆಗುತ್ತದೆ, ಅದರ ಕೆಳಗೆ ಕೆಫೆ ಬರುತ್ತದೆ. ಮಕ್ಕಳೆಲ್ಲ ವಿದೇಶದಲ್ಲಿರುವ ಪಿಂಚಣಿದಾರರಿಗೆ ಆ ದುಡ್ಡು ಬೇಕಾಗಬಹುದು, ಒಪ್ಪುತ್ತೇನೆ. ಆದರೆ ಇಂದಿರಾನಗರ ಕಣ್ಣೆದುರಿಗೇ ಇದೆ. 2007ರಲ್ಲಿ ಒಪ್ಪಿಗೆ ಪಡೆದ ಮಹಾಯೋಜನೆ ವಸತಿ ಬಡಾವಣೆಗಳಲ್ಲಿ ವ್ಯಾಪಾರಕ್ಕೆ ಬಾಗಿಲು ಅಗಲಿಸಿತು. ನೂರಡಿ ರಸ್ತೆಯಿಂದ ಒಳಗಿನ ಕ್ರಾಸ್‌ಗಳಿಗೆ ಪಬ್ಬು, ರೆಸ್ಟೊರೆಂಟ್‌ಗಳು ನುಗ್ಗಿದ ಮೇಲೆ ಅಲ್ಲಿನವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಮೂಲೆಯ ದಿನಸಿ ಅಂಗಡಿ, ಇಸ್ತ್ರಿ ಗಾಡಿ, ಹೂವಿನವರು ಬೇಡವೆಂದು ನಾನು ಹೇಳುತ್ತಿಲ್ಲ. ಅವರೇ ರಸ್ತೆಯ ಕಣ್ಣುಗಳು. ಬೀದಿಯ ಜನರಿಗಾಗಿ ಇರುವ ಅಂಗಡಿಗೂ, ಊರಿನ ಇನ್ನೊಂದು ತುದಿಯಿಂದ ಕಾರಿನಲ್ಲಿ ಬರುವವರಿಗಾಗಿ ಇರುವ ಅಂಗಡಿಗೂ ವ್ಯತ್ಯಾಸವಿದೆ ಎನ್ನುತ್ತಿದ್ದೇನೆ.

“ಎಲ್ಲ ಸರಿ, ಆದರೆ ನಮ್ಮ ರಸ್ತೆಗೆ ಮಗುವನ್ನು ಒಂಟಿಯಾಗಿ ಬಿಡಲಾಗುತ್ತದೆಯೇ?” ಇದು ನ್ಯಾಯವಾದ ಪ್ರಶ್ನೆ. 2023ರ ಜನವರಿ 10ರ ಬೆಳಿಗ್ಗೆ, ಇಲ್ಲೇ ಹೊರ ವರ್ತುಲ ರಸ್ತೆಯಲ್ಲಿ ನಾಗವಾರದ ಬಳಿ, ಕಟ್ಟುತ್ತಿದ್ದ ಮೆಟ್ರೊ ಕಂಬದ ಕಬ್ಬಿಣದ ಚೌಕಟ್ಟು ಸ್ಕೂಟರಿನಲ್ಲಿ ಹೋಗುತ್ತಿದ್ದ ಸಂಸಾರದ ಮೇಲೆ ಬಿತ್ತು. ತಾಯಿ ಮತ್ತು ಎರಡೂವರೆ ವರ್ಷದ ಮಗ ತೀರಿಕೊಂಡರು. ಆ ರಸ್ತೆಯಲ್ಲಿ ಹೋಗುವಾಗ ಇಂದಿಗೂ ನನ್ನ ಕಣ್ಣು ಮೇಲಕ್ಕೆ ಹೋಗುತ್ತದೆ. ಆ ತಾಯಿ ಏರಿಯಾವನ್ನು ತಪ್ಪಾಗಿ ಆರಿಸಿಕೊಂಡಿರಲಿಲ್ಲ. ಯಾವ ಪಟ್ಟಿಯೂ ಅವರನ್ನು ಉಳಿಸುತ್ತಿರಲಿಲ್ಲ. ಉಳಿಸಬಹುದಾಗಿದ್ದದ್ದು ಕೆಲಸದ ಜಾಗದ ಸುರಕ್ಷತೆ, ಅದನ್ನು ಕೇಳಿ ಪಡೆಯುವ ಊರು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಈ ನಗರ ವರ್ಷಗಟ್ಟಲೆ ಒಬ್ಬ ಚುನಾಯಿತ ಕಾರ್ಪೊರೇಟರ್ ಇಲ್ಲದೆ ನಡೆಯಿತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಇಷ್ಟಾದರೂ ನಮ್ಮ ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಜಗಳ ನಡೆದದ್ದು ವಿಸಿಟರ್ ಪಾರ್ಕಿಂಗ್ ಬಗ್ಗೆ. ಏರಿಯಾ ಕೆಟ್ಟರೆ ಬಿಟ್ಟು ಬೇರೆ ಕಡೆ ಹೋಗಬಹುದು ಎಂದುಕೊಂಡವರಿಗೆ ಕಾರ್ಪೊರೇಟರ್ ಯಾಕೆ ಬೇಕು?

ಹೀಗೆ ಹೋಗುತ್ತಲೇ ಇರುವುದು ನಮ್ಮ ದೊಡ್ಡ ರೋಗ. ದಂಡಿನ ಹಳೆಯ ಟೌನ್‌ಗಳಿಂದ ಕಮ್ಮನಹಳ್ಳಿಗೆ, ಅಲ್ಲಿಂದ ಕಲ್ಯಾಣ ನಗರಕ್ಕೆ, ಈಗ ಹೆಣ್ಣೂರಿನಾಚೆಗೆ. ಪ್ರತಿ ತಲೆಮಾರು ಒಂದೊಂದು ಒಳ್ಳೆಯ ಏರಿಯಾವನ್ನು ಹಿಡಿಯಿತು, ಕೆಡಿಸಿತು, ಕೈತೊಳೆದುಕೊಂಡು ಮುಂದಿನದಕ್ಕೆ ಹೋಯಿತು. ಆಚೆ ಇನ್ನೆಷ್ಟು ಕೆರೆ ಉಳಿದಿವೆ, ಎಷ್ಟು ದೂರ ಹೋಗುತ್ತೀರಿ?

ರಾತ್ರಿ ತಮ್ಮನಿಗೆ ವಾಪಸ್ ಫೋನ್ ಮಾಡಿದೆ. “ಬಾರೋ, ಇಲ್ಲೇ ಎಲ್ಲಾದರೂ ಮನೆ ಮಾಡು. ಆದರೆ ಮೊದಲು ಮಗಳ ಕೈ ಹಿಡ್ಕೊಂಡು ಸಂಜೆ ಆರು ಗಂಟೆಗೆ ಆ ಬೀದೀಲಿ ನಡಿ. ಅವಳ ನಡಿಗೆಯಲ್ಲಿ ತಲುಪೋ ಸ್ಕೂಲು ನೋಡು, ಹೆಸರು ಸಣ್ಣದಾದರೂ ಪರವಾಗಿಲ್ಲ. ಬಂದಮೇಲೆ ಫುಟ್‌ಪಾತ್ ಮೇಲೆ ಕಾರ್ ನಿಲ್ಲಿಸಬೇಡ. ಪಾರ್ಕಿನ ಆ ಚೆಂಡಾಟದ ಬೋರ್ಡು ತೆಗೆಸೋಕೆ ಅರ್ಜಿ ಬರೀತಿದೀನಿ, ನೀನೂ ಸಹಿ ಹಾಕು” ಎಂದೆ.

“ಅದೆಲ್ಲ ಸರಿ ಅಣ್ಣ, ಏರಿಯಾ ಒಳ್ಳೇದಾ ಅಂತ ಹೇಳಲೇ ಇಲ್ವಲ್ಲ?” ಎಂದ.

“ಇನ್ನೂ ಆಗಿಲ್ಲ ಕಣೋ” ಎಂದೆ.