ಬಾಲ ಕಳಚಿದರೂ ಒಡೆಯದ ಸಂಖ್ಯೆಗಳು

73939133. ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕಳೆದ ಭಾನುವಾರ ನಮ್ಮ ಮನೆಗೆ ಬಂದವಳು ಎದುರುಮನೆಯ ಹುಡುಗಿ. ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಅವಳ ಹಿಂದೆಯೇ ತಂದೆಯೂ ಬಂದರು. ಅವರದು ದೂರು. "ರಾತ್ರಿ ಹನ್ನೊಂದಾದರೂ ಲ್ಯಾಪ್‌ಟಾಪ್ ಮುಚ್ಚುವುದಿಲ್ಲ ಸಾರ್. ಏನಮ್ಮಾ ಮಾಡ್ತಿದ್ದೀಯ ಅಂದರೆ ಸಂಖ್ಯೆ ಹುಡುಕ್ತಿದ್ದೀನಿ ಅಂತಾಳೆ. ಸಿಇಟಿ ಹತ್ತಿರ ಬಂತು. ನೀವಾದರೂ ಒಂದು ಮಾತು ಹೇಳಿ."

ಆ ಒಂದು ಮಾತು ಹೇಳುವ ಮೊದಲು ಚೀಟಿ ಇಸಿದುಕೊಂಡು ನೋಡಿದೆ. "ಅಂಕಲ್, ಇದು ಅವಿಭಾಜ್ಯ ಸಂಖ್ಯೆ. ಬಲಗಡೆಯ ಒಂದು ಅಂಕಿ ಹೊಡೆದುಹಾಕಿ" ಎಂದಳು. ಹೊಡೆದುಹಾಕಿದೆ. 7393913 ಉಳಿಯಿತು. "ಇದೂ ಅವಿಭಾಜ್ಯವೇ. ಇನ್ನೊಂದು." 739391 ಆಯಿತು. ಹೀಗೆಯೇ 73939, 7393, 739, 73, ಕೊನೆಗೆ 7. ಬಾಲ ಕಳಚುತ್ತ ಹೋದರೂ ಉಳಿದದ್ದು ಪ್ರತಿ ಸಲವೂ ಒಡೆಯದ ಸಂಖ್ಯೆಯೇ! ಇದಕ್ಕಿಂತ ದೊಡ್ಡದು ಈ ಜಾತಿಯಲ್ಲಿ ಇಲ್ಲವೇ ಇಲ್ಲ ಎಂದೂ ಅವಳು ಹೇಳಿದಳು. ಅದನ್ನು ಪುಸ್ತಕದಲ್ಲಿ ಓದಿದೆಯಾ ಎಂದು ಕೇಳಿದೆ. "ಇಲ್ಲ, ನಾನೇ ಹುಡುಕಿದೆ" ಎಂದಳು. ತಂದೆಯ ದೂರನ್ನು ಸ್ವಲ್ಪ ಹೊತ್ತು ಬದಿಗಿಟ್ಟೆ.

ಒಂದು ಮತ್ತು ತನ್ನಿಂದಲ್ಲದೆ ಬೇರೆ ಯಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ, ಒಂದಕ್ಕಿಂತ ದೊಡ್ಡ ಸಂಖ್ಯೆಯೇ ಅವಿಭಾಜ್ಯ. 2, 3, 5, 7, 11, 13 ಎಂದು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಇವಕ್ಕೆ ಕೊನೆಯಿಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ಸಾಧಿಸಿ ತೋರಿಸಿದ. ಇವುಗಳೊಳಗೆ ವಿಶೇಷ ಗುಣವಿರುವವನ್ನು ಹೆಕ್ಕುವುದು ಗಣಿತ ಪ್ರಿಯರ ಹಳೆಯ ಹವ್ಯಾಸ. ಮೊದಲು ಇದಕ್ಕೆ ಕಾಗದ, ಪೆನ್ಸಿಲು ಮತ್ತು ಅಪಾರ ತಾಳ್ಮೆ ಬೇಕಿತ್ತು. ಈಗ ಗಣಕದಲ್ಲಿ ಪೈಥಾನ್ ಭಾಷೆಯ ನಾಲ್ಕು ಸಾಲು ಬರೆಯಲು ಬಂದರೆ ಸಾಕು, ಉಳಿದದ್ದಕ್ಕೆ ಸಿಮ್‌ಪೈ ಎಂಬ ಲೈಬ್ರರಿ ಉಂಟು. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಲೈಬ್ರರಿ ಎಂದರೆ ಇಲ್ಲಿ ಪುಸ್ತಕಗಳ ಮನೆಯಲ್ಲ. ಅಂಗಡಿಯಲ್ಲಿ ಸಿಗುವ ದೋಸೆ ಹಿಟ್ಟಿನ ಹಾಗೆ ಅದು. ನೆನೆಸುವ, ರುಬ್ಬುವ ಕೆಲಸವನ್ನು ಬೇರೆಯವರು ಮುಗಿಸಿಟ್ಟಿರುತ್ತಾರೆ, ಹುಯ್ಯುವುದಷ್ಟೇ ನಮ್ಮದು. ಸಿಮ್‌ಪೈಯಲ್ಲಿ 'ಈಸ್‌ಪ್ರೈಮ್' ಎಂಬ ಆಜ್ಞೆಗೆ ಒಂದು ಸಂಖ್ಯೆ ಕೊಟ್ಟರೆ ಅವಿಭಾಜ್ಯ ಹೌದೋ ಅಲ್ಲವೋ ಹೇಳುತ್ತದೆ. 'ಪ್ರೈಮ್‌ರೇಂಜ್'ಗೆ ಎರಡು ಗಡಿ ಕೊಟ್ಟರೆ ನಡುವಿನ ಅವಿಭಾಜ್ಯಗಳನ್ನೆಲ್ಲ ಸಾಲಾಗಿ ಒಪ್ಪಿಸುತ್ತದೆ. ಬಾಲ ಕಳಚುವ ಗುಣ ಯಾವುದಕ್ಕಿದೆ ಎಂದು ಮಾತ್ರ ಅದಾಗಿ ಹೇಳದು. ಆ ಶೋಧದ ದಾರಿಯನ್ನು ನಾವೇ ಯೋಚಿಸಬೇಕು. ಆಟದ ಸ್ವಾರಸ್ಯವೆಲ್ಲ ಇರುವುದು ಅಲ್ಲೇ.

ನಮ್ಮ ಹುಡುಗಿ ಮೊದಲು ಒಂದರಿಂದ ಹತ್ತು ಕೋಟಿಯವರೆಗಿನ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಲು ಹೊರಟಿದ್ದಳಂತೆ. ಲ್ಯಾಪ್‌ಟಾಪು ಬಿಸಿಯಾಯಿತೇ ಹೊರತು ಕೆಲಸ ಮುಗಿಯಲಿಲ್ಲ. ಆಮೇಲೆ ಹೊಳೆಯಿತು: ಬಾಲ ಕಳಚುವುದರ ಬದಲು ಬಾಲ ಅಂಟಿಸುತ್ತ ಹೋದರೆ? ಒಂದಂಕಿಯ ಅವಿಭಾಜ್ಯಗಳು ನಾಲ್ಕೇ: 2, 3, 5, 7. ಇವುಗಳ ಬಲಕ್ಕೆ ಯಾವ ಅಂಕಿ ಸೇರಿಸಬಹುದು? ಸಮ ಅಂಕಿಯೋ ಸೊನ್ನೆಯೋ ಬಂದರೆ 2ರಿಂದ ಭಾಗವಾಗುತ್ತದೆ, 5 ಬಂದರೆ 5ರಿಂದ. ಉಳಿದದ್ದು 1, 3, 7, 9. ಸೇರಿಸಿ, ಈಸ್‌ಪ್ರೈಮ್ ಕೇಳಿ, ಹೌದೆಂದದ್ದನ್ನು ಇಟ್ಟುಕೊಂಡು ಮತ್ತೆ ಸೇರಿಸಿ. ಎರಡಂಕಿಯವು 9 ಸಿಗುತ್ತವೆ: 23, 29, 31, 37, 53, 59, 71, 73, 79. ಇಷ್ಟನ್ನು ಕಾಗದದ ಮೇಲೇ ಮಾಡಬಹುದು, ಮಾಡಿ ನೋಡಿ. ಮೂರಂಕಿಯವು 14, ನಾಲ್ಕಂಕಿಯವು 16. ಆಮೇಲೆ ಇಳಿಮುಖ. ಐದಂಕಿಯವು 15, ಆರಂಕಿಯವು 12, ಏಳಂಕಿಯವು 8, ಎಂಟಂಕಿಯವು 5. ಆ ಐದಕ್ಕೂ ಬಾಲ ಅಂಟಿಸಿ ನೋಡಿದರೆ ಒಂದೂ ಉಳಿಯುವುದಿಲ್ಲ. ಒಟ್ಟು 83, ಅಲ್ಲಿಗೆ ವಂಶ ಮುಗಿಯಿತು. ಗಮನಿಸಿ, ಇದು 'ಹುಡುಕಿದೆ, ಸಿಗಲಿಲ್ಲ' ಎಂಬಂಥ ಮಾತಲ್ಲ. ಮುಂದೆ ಹುಟ್ಟಲು ದಾರಿಯೇ ಇಲ್ಲವೆಂಬ ಪಕ್ಕಾ ಸಾಧನೆ. ಪ್ರಯೋಗವೇ ಪ್ರಮೇಯವಾಗುವ ಇಂಥ ಸಂದರ್ಭ ಗಣಿತದಲ್ಲಿ ಅಪರೂಪ.

ಅವಳ ಮೊದಲ ಪಟ್ಟಿ ಮಾತ್ರ 83ಕ್ಕಿಂತ ಉದ್ದವಾಗಿತ್ತು. 1979339339 ಎಂಬ ಹತ್ತಂಕಿಯವರೆಗೂ ಬೆಳೆದಿತ್ತು. ತಪ್ಪು ಎಲ್ಲಿ? ಆರಂಭದ ಸಾಲಿನಲ್ಲಿ ಕೈಯಾರೆ 1ನ್ನೂ ಸೇರಿಸಿಬಿಟ್ಟಿದ್ದಳು. ಒಂದು ಅವಿಭಾಜ್ಯವಲ್ಲ. ಲೈಬ್ರರಿಯನ್ನು ಕೇಳಿದ್ದರೆ ಅದೇ ಹೇಳುತ್ತಿತ್ತು, ಇವಳು ಕೇಳಿರಲಿಲ್ಲ. ಎರಡು ರಾತ್ರಿ ಅದಕ್ಕೇ ಹೋಯಿತಂತೆ. ತಂದೆ ಎಣಿಸಿದ್ದ ಹನ್ನೊಂದು ಗಂಟೆಗಳಲ್ಲಿ ಇವೂ ಸೇರಿದ್ದವು.

ರಾತ್ರಿಯ ಮಾತು ಬಂದಾಗ ನನಗೆ ಸೋಫಿ ಜರ್ಮೇನ್ ನೆನಪಾದಳು. 1776ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವಳು. ಹೆಣ್ಣುಮಗಳಿಗೆ ಗಣಿತ ತಕ್ಕದ್ದಲ್ಲವೆಂದು ತಂದೆತಾಯಿ ರಾತ್ರಿ ಅವಳ ಕೋಣೆಯ ಬೆಂಕಿ ಆರಿಸಿ, ಮೇಣದಬತ್ತಿಗಳನ್ನು ಎತ್ತಿಟ್ಟುಬಿಡುತ್ತಿದ್ದರೆಂದು ಅವಳ ಚರಿತ್ರೆ ಬರೆದವರು ಹೇಳುತ್ತಾರೆ. ಅವಳು ಬಚ್ಚಿಟ್ಟ ಬತ್ತಿ ಹಚ್ಚಿಕೊಂಡು ಓದಿದಳು. ಪ್ಯಾರಿಸ್‌ನ ಎಕೋಲ್ ಪಾಲಿಟೆಕ್ನೀಕ್‌ನಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು, ಲ ಬ್ಲಾಂಕ್ ಎಂಬ ಗಂಡಸಿನ ಹೆಸರಿನಲ್ಲಿ ಲಗ್ರಾಂಜ್‌ಗೆ ಉತ್ತರ ಬರೆದು ಕಳಿಸಿದಳು. ಗಾಸ್ ಎಂಬ ಮಹಾ ಗಣಿತಜ್ಞನೊಂದಿಗೂ ಅದೇ ಹೆಸರಿನಲ್ಲಿ ಪತ್ರವ್ಯವಹಾರ ನಡೆಸಿದಳು. ಫರ್ಮಾನ ಪ್ರಖ್ಯಾತ ಸಮಸ್ಯೆಯೊಂದನ್ನು ಬಿಡಿಸುವ ದಾರಿಯಲ್ಲಿ ಅವಳು ಬಳಸಿದ ಅವಿಭಾಜ್ಯಗಳಿಗೆ ಇಂದಿಗೂ ಅವಳದೇ ಹೆಸರು. ಅವುಗಳನ್ನು ಗುರುತಿಸುವುದು ಸುಲಭ. ಸಂಖ್ಯೆಯನ್ನು ಇಮ್ಮಡಿಸಿ ಒಂದು ಕೂಡಿಸಿದರೆ ಬರುವುದೂ ಅವಿಭಾಜ್ಯವಾಗಿರಬೇಕು. 11ಕ್ಕೆ 23, 23ಕ್ಕೆ 47, 29ಕ್ಕೆ 59, ಹೀಗೆ. 13 ಆಗದು, ಏಕೆಂದರೆ 27 ಒಡೆಯುತ್ತದೆ. ನೂರರೊಳಗೆ ಇಂಥವು 10, ಸಾವಿರದೊಳಗೆ 37. ಸಿಮ್‌ಪೈಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಈ ಸಾಲಿಗೆ ಕೊನೆಯಿದೆಯೇ? ಯಾರಿಗೂ ಗೊತ್ತಿಲ್ಲ. 83ಕ್ಕೆ ನಿಂತ ವಂಶದ ಹಾಗಲ್ಲ ಇದು. ಎಷ್ಟು ಹೊತ್ತು ಗಣಕ ಓಡಿಸಿದರೂ ಉತ್ತರ ಅದರಿಂದ ಬರುವಂಥದ್ದಲ್ಲ.

"ಇದರಿಂದ ಉಪಯೋಗ?" ಎಂದರು ತಂದೆ. ಉಪಯೋಗ ಇದೆ. ಈ ಜೋಡಿಯಲ್ಲಿ ದೊಡ್ಡದನ್ನು 'ಸುರಕ್ಷಿತ ಅವಿಭಾಜ್ಯ' ಎನ್ನುತ್ತಾರೆ. ದೂರದ ಎರಡು ಗಣಕಗಳು ಬೇರೆಯವರಿಗೆ ತಿಳಿಯದಂತೆ ಒಂದು ಗುಟ್ಟಿನ ಕೀಲಿಯನ್ನು ಗೊತ್ತುಮಾಡಿಕೊಳ್ಳುವ ವಿಧಾನವೊಂದರಲ್ಲಿ ನೂರಾರು ಅಂಕಿಗಳ ಇಂಥ ಸಂಖ್ಯೆ ಬಳಕೆಯಲ್ಲಿದೆ. ಅವರಿಗೆ ಸಮಾಧಾನವಾಯಿತು. ಮಗಳಿಗೆ ಆ ಮಾತಿನಲ್ಲಿ ಅಷ್ಟೇನೂ ಆಸಕ್ತಿ ಕಾಣಲಿಲ್ಲ. ಅವಳ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿತ್ತು. ಬಾಲದ ಬದಲು ತಲೆ ಕಳಚಿದರೆ ಹೇಗೆ? ಎಡಗಡೆಯಿಂದ ಅಂಕಿ ತೆಗೆಯುತ್ತ ಹೋಗುವುದು, ನಡುವೆ ಸೊನ್ನೆ ಇರಬಾರದೆಂಬ ಕರಾರಿನೊಂದಿಗೆ. ಈ ವಂಶವೂ ಮುಗಿಯುತ್ತದೆ. ಆದರೆ ಬಹಳ ದೊಡ್ಡದು, ಒಟ್ಟು 4260. ಕೊನೆಯ ಕುಡಿ 357686312646216567629137, ಬರೋಬ್ಬರಿ 24 ಅಂಕಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇಷ್ಟು ದೊಡ್ಡದು ಅವಿಭಾಜ್ಯವೆಂದು ಲೈಬ್ರರಿಗೆ ಹೇಗೆ ಗೊತ್ತು? ಎಲ್ಲ ಸಂಖ್ಯೆಗಳಿಂದಲೂ ಭಾಗಿಸಿ ನೋಡಿತೇ? ಇಲ್ಲ, ಹಾಗೆ ಮಾಡಲು ಹೊರಟರೆ ಅದೂ ನಮ್ಮ ಹುಡುಗಿಯ ಮೊದಲ ಪ್ರಯತ್ನದಂತೆ ಬಿಸಿಯಾಗುತ್ತ ಕೂರಬೇಕಾದೀತು. ಅದು ಲಕ್ಷಣ ನೋಡಿ ಹೇಳುತ್ತದೆ. ಫರ್ಮಾ ತೋರಿಸಿಕೊಟ್ಟ ಒಂದು ಲಕ್ಷಣ ಹೀಗಿದೆ: ಸಂಖ್ಯೆ ಬೆಸವಾಗಿದ್ದು ಅವಿಭಾಜ್ಯವಾಗಿದ್ದರೆ, ಅದಕ್ಕಿಂತ ಒಂದು ಕಡಿಮೆ ಸಲ 2ನ್ನು ಗುಣಿಸಿ, ಬಂದದ್ದನ್ನು ಆ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಉಳಿಯಬೇಕು. 7ನ್ನು ತೆಗೆದುಕೊಳ್ಳಿ. ಆರು ಸಲ 2 ಗುಣಿಸಿದರೆ 64, ಏಳರಿಂದ ಭಾಗಿಸಿದರೆ ಶೇಷ 1. ಸರಿ. 9ಕ್ಕೆ 256, ಶೇಷ 4. ಸಿಕ್ಕಿಬಿತ್ತು, ಅವಿಭಾಜ್ಯವಲ್ಲ. ಆದರೆ 341ನ್ನು ನೋಡಿ. ಹತ್ತು ಸಲ 2 ಗುಣಿಸಿದರೆ 1024. 341ರ ಮೂರರಷ್ಟು 1023, ಶೇಷ 1. ಹಾಗಾಗಿ 340 ಸಲ ಗುಣಿಸಿದರೂ ಶೇಷ 1. ಪರೀಕ್ಷೆಯಲ್ಲಿ ಪಾಸು! ಆದರೆ 341 ಎಂದರೆ 11 ಗುಣಿಸು 31. ವೇಷ ಹಾಕಿ ಒಳಗೆ ನುಸುಳಿದ ಸಂಖ್ಯೆ ಅದು.

ಇಂಥ ವೇಷಧಾರಿಗಳನ್ನು ಹಿಡಿಯಲು ಸಿಮ್‌ಪೈ ಒಂದಲ್ಲ, ಎರಡು ಭಿನ್ನ ಬಗೆಯ ಬಿಗಿ ಪರೀಕ್ಷೆಗಳನ್ನು ಒಟ್ಟಿಗೆ ಒಡ್ಡುತ್ತದೆ. 2ರ 64ನೇ ಘಾತದವರೆಗೆ, ಅಂದರೆ ಸುಮಾರು 20 ಅಂಕಿಗಳವರೆಗೆ, ಅದರ ಉತ್ತರ ಖಚಿತ. ಅಷ್ಟರೊಳಗಿನ ವೇಷಧಾರಿಗಳನ್ನೆಲ್ಲ ಗಣಿತಜ್ಞರು ಪರಿಶೀಲಿಸಿ ಆಗಿದೆ. ಅದರಾಚೆಗೆ ಅದು 'ಹೌದು' ಎಂದರೆ 'ಬಹುತೇಕ ಹೌದು' ಎಂದೇ ತಿಳಿಯಬೇಕು. ಎರಡೂ ಪರೀಕ್ಷೆಗಳನ್ನು ಮೋಸಗೊಳಿಸಿದ ಒಂದು ಸಂಖ್ಯೆಯೂ ಇದುವರೆಗೆ ಸಿಕ್ಕಿಲ್ಲ, ಇರಲಾರದೆಂದು ಸಾಧಿಸಿದವರೂ ಇಲ್ಲ. ಲೈಬ್ರರಿಯ ಕೈಪಿಡಿಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಓದುವವರು ಕಡಿಮೆ, ಅಷ್ಟೆ. ಆ 24 ಅಂಕಿಯದನ್ನು ಬೇರೆ ವಿಧಾನಗಳಿಂದ ಅವಿಭಾಜ್ಯವೆಂದು ಸಾಧಿಸಲಾಗಿದೆ, ಆತಂಕ ಬೇಡ. ಬಹುತೇಕ ಎಂಬ ಮಾತೇ ಇಲ್ಲದೆ, ಯಾವ ಸಂಖ್ಯೆಗಾದರೂ ಖಚಿತ ಉತ್ತರವನ್ನು ಒಪ್ಪತಕ್ಕ ಸಮಯದಲ್ಲಿ ಕೊಡುವ ವಿಧಾನವನ್ನು 2002ರಲ್ಲಿ ಪ್ರಕಟಿಸಿದವರು ನಮ್ಮ ಕಾನ್ಪುರ ಐಐಟಿಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಕೊನೆಯ ಇಬ್ಬರೂ ಆಗಷ್ಟೇ ಬಿ.ಟೆಕ್ ಮುಗಿಸಿದ್ದ ಹುಡುಗರು. ಸಿದ್ಧಾಂತದಲ್ಲಿ ಅದು ದೊಡ್ಡ ಗೆಲುವು. ದಿನಬಳಕೆಯಲ್ಲಿ ಮಾತ್ರ ಲಕ್ಷಣ ನೋಡುವ ವಿಧಾನಗಳೇ ಅದಕ್ಕಿಂತ ಬಹಳ ವೇಗ.

ತಂತ್ರಾಂಶ ಸರಿಯಿದ್ದು ಯಂತ್ರವೇ ತಪ್ಪಿದರೆ? ಹಾಗೂ ಆಗಿದೆ. ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಮೇಷ್ಟರಿದ್ದರು. ಅವರು ಬೆನ್ನುಹತ್ತಿದ್ದು ಅವಳಿ ಅವಿಭಾಜ್ಯಗಳನ್ನು: 11 ಮತ್ತು 13, 17 ಮತ್ತು 19 ಇದ್ದ ಹಾಗೆ, ಎರಡರ ಅಂತರದಲ್ಲಿರುವವು. ಇಂಥ ಜೋಡಿಗಳ ವ್ಯುತ್ಕ್ರಮಗಳನ್ನು, ಅಂದರೆ ಮೂರರಲ್ಲೊಂದು, ಐದರಲ್ಲೊಂದು ಎನ್ನುವಂಥ ಭಾಗಗಳನ್ನು, ಕೂಡಿಸುತ್ತ ಹೋದರೆ ಮೊತ್ತ ಸುಮಾರು 1.902ರ ಬಳಿ ನಿಲ್ಲುತ್ತದೆ. ಅದನ್ನು ಇನ್ನಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಲು ಹಲವು ಗಣಕಗಳನ್ನು ಓಡಿಸುತ್ತಿದ್ದರು. 1994ರಲ್ಲಿ ಇಂಟೆಲ್‌ನ ಹೊಸ ಪೆಂಟಿಯಂ ಇರುವ ಗಣಕವೊಂದು ಸೇರಿತು. ಆಮೇಲೆ ಲೆಕ್ಕ ತಾಳೆಯಾಗಲಿಲ್ಲ. ಬೇರೆಯವರಾಗಿದ್ದರೆ ಕೊನೆಯ ದಶಾಂಶಗಳ ವ್ಯತ್ಯಾಸ ತಾನೇ ಎಂದು ಬಿಡುತ್ತಿದ್ದರೇನೋ. ನೈಸ್ಲಿ ಮೊದಲು ತಮ್ಮ ತಂತ್ರಾಂಶವನ್ನೇ ಶಂಕಿಸಿದರು. ತಿಂಗಳುಗಟ್ಟಲೆ ಒಂದೊಂದೇ ಅನುಮಾನವನ್ನು ತೊಡೆದುಹಾಕುತ್ತ ಕೊನೆಗೆ 824633702441 ಎಂಬ ಅವಿಭಾಜ್ಯಕ್ಕೆ ಬಂದು ಮುಟ್ಟಿದರು. ಒಂದನ್ನು ಅದರಿಂದ ಭಾಗಿಸಿದಾಗ ಪೆಂಟಿಯಂ ತಪ್ಪು ಉತ್ತರ ಕೊಡುತ್ತಿತ್ತು. ಚಿಪ್‌ನೊಳಗೆ ಭಾಗಾಕಾರಕ್ಕೆಂದು ಇಟ್ಟಿದ್ದ ಕೋಷ್ಟಕದಲ್ಲಿ ಕೆಲವು ಮನೆಗಳು ಖಾಲಿ ಉಳಿದಿದ್ದವು!

ಅಕ್ಟೋಬರ್ ಕೊನೆಯಲ್ಲಿ ಅವರು ಪರಿಚಿತರಿಗೆ ಬರೆದ ಒಂದು ಪತ್ರದಿಂದ ಸುದ್ದಿ ಹಬ್ಬಿತು. ಸಾಮಾನ್ಯ ಬಳಕೆದಾರರಿಗೆ ಇದರಿಂದ ತೊಂದರೆಯಿಲ್ಲವೆಂದು ಮೊದಲು ವಾದಿಸಿದ ಕಂಪನಿ ಡಿಸೆಂಬರ್‌ನಲ್ಲಿ ಮಣಿಯಿತು, ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡುವುದಾಗಿ ಸಾರಿತು. ಅದಕ್ಕಾಗಿ ಬದಿಗಿಟ್ಟ ಹಣ 47.5 ಕೋಟಿ ಡಾಲರ್. ಯಾವ ಕೆಲಸಕ್ಕೂ ಬಾರದ ಅವಳಿ ಸಂಖ್ಯೆ ಎಣಿಸುತ್ತಿದ್ದ ಮೇಷ್ಟರಿಂದ ಇಷ್ಟೆಲ್ಲ ಆಯಿತು.

ಕಥೆ ಕೇಳುತ್ತಿದ್ದ ತಂದೆ ಅಷ್ಟರಲ್ಲಿ ನನ್ನ ಪೆನ್ನು ತೆಗೆದುಕೊಂಡು ಆ ಚೀಟಿಯ ಹಿಂದೆ 341ನ್ನು 11ರಿಂದ ಭಾಗಿಸಿ ನೋಡುತ್ತಿದ್ದರು. ಸಿಇಟಿ ಮುಗಿಯುವವರೆಗೆ ರಾತ್ರಿ ಹತ್ತರ ನಂತರ ಸಂಖ್ಯೆ ಹುಡುಕಬಾರದು, ಭಾನುವಾರ ಎಷ್ಟು ಬೇಕಾದರೂ ಹುಡುಕಬಹುದು ಎಂದು ಇಬ್ಬರ ನಡುವೆ ಒಪ್ಪಂದವಾಯಿತು. ಸಾಕ್ಷಿ ನಾನು.

ಭಾನುವಾರಕ್ಕೆಂದು ಅವಳಿಗೆ ಕೊಟ್ಟ ಲೆಕ್ಕವನ್ನೇ ನಿಮಗೂ ಕೊಡುತ್ತೇನೆ. 197ರ ಮೊದಲ ಅಂಕಿಯನ್ನು ಕೊನೆಗೆ ಒಯ್ದರೆ 971, ಮತ್ತೆ ಒಯ್ದರೆ 719. ಮೂರೂ ಅವಿಭಾಜ್ಯಗಳೇ. ಹೀಗೆ ಸುತ್ತು ಹಾಕಿದರೂ ಕೆಡದವು ಹತ್ತು ಲಕ್ಷದೊಳಗೆ ಎಷ್ಟಿವೆ? ಒಂದಂಕಿಯವನ್ನೂ ಲೆಕ್ಕಕ್ಕೆ ಹಿಡಿಯಿರಿ, 197, 971, 719 ಇವನ್ನು ಮೂರೆಂದೇ ಎಣಿಸಿ. ಎಲ್ಲವನ್ನೂ ಪರೀಕ್ಷಿಸಲು ಹೊರಡುವ ಮುನ್ನ, ಯಾವ ಅಂಕಿಗಳು ಇರಲು ಸಾಧ್ಯವೇ ಇಲ್ಲವೆಂದು ಯೋಚಿಸಿದರೆ ಗಣಕಕ್ಕೆ ಕೆಲಸ ಬಹಳ ಉಳಿಯುತ್ತದೆ. ಉತ್ತರ 55 ಬರಬೇಕು. 56 ಬಂದರೆ, ಆರಂಭದಲ್ಲಿ 1 ಕೂತಿದೆಯೇ ನೋಡಿ.