ಕೌಲ್ ಬಜಾರಿನ ಬಟವಾಡೆ ಪುಸ್ತಕ

ಬಳ್ಳಾರಿಯ ಜೀನ್ಸ್ ಪ್ಯಾಂಟು ಇಂದು ದೇಶದ ಸಂತೆ, ಪೇಟೆಗಳನ್ನೆಲ್ಲ ತಲುಪಿದೆ. ದಂಡಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿದ ದರ್ಜಿಗಳ ಕೈಗುಣವೇ ಮುಂದೆ ಈ ಉದ್ಯಮಕ್ಕೆ ಬುನಾದಿಯಾಯಿತೆಂದು ಊರಿನ ಹಿರಿಯರು ಹೇಳುತ್ತಾರೆ. ಕೌಲ್ ಬಜಾರಿನ ಓಣಿಗಳಲ್ಲಿ ಹೊಲಿಗೆ ಯಂತ್ರದ ಸದ್ದು ಹೊಸದಲ್ಲ. 2023ರ ವಿಧಾನಸಭಾ ಚುನಾವಣೆಯ ಕಾಲಕ್ಕೆ ಇಲ್ಲಿಗೆ ದೊಡ್ಡ ನಾಯಕರು ಬಂದರು, 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಮಾತೂ ಆಯಿತು. ಪಾರ್ಕು ಬರಲಿ, ನಮ್ಮ ಅಡ್ಡಿಯಿಲ್ಲ. ಆದರೆ ಪಾರ್ಕಿಗಿಂತ ಮೊದಲು ಬರಬೇಕಾದ, ಒಂದು ಕಾಸಿನ ಅನುದಾನವನ್ನೂ ಬೇಡದ ಚಿಕ್ಕ ವಸ್ತುವೊಂದಿದೆ. ಅದು ಬಟವಾಡೆ ಪುಸ್ತಕ.

ಒಂದು ಪ್ಯಾಂಟು ಅಂಗಡಿಗೆ ಹೋಗುವ ಮುನ್ನ ಎಷ್ಟು ಕೈಗಳನ್ನು ದಾಟುತ್ತದೆಂಬುದನ್ನು ನೋಡಿ. ಬಟ್ಟೆ ಕತ್ತರಿಸುವವರು, ಜೇಬು ಹಚ್ಚುವವರು, ಕಾಲು ಕೂಡಿಸುವವರು, ಕಾಜಾ ಮಾಡುವವರು, ಗುಂಡಿ ಹಾಕುವವರು, ತೊಳೆಯುವವರು, ಇಸ್ತ್ರಿ ಮಾಡುವವರು, ಕೊನೆಗೆ ಮನೆಯಂಗಳದಲ್ಲಿ ಕುಳಿತು ಉಳಿದ ದಾರ ಕತ್ತರಿಸುವ ಹೆಣ್ಣುಮಕ್ಕಳು. ಇಂಥ ಕೆಲಸಕ್ಕೆ ಪೀಸಿಗೆ ಇಷ್ಟೆಂದು ದರ ಕಟ್ಟುವುದು ಈ ಕಸುಬಿನ ರೂಢಿ. ವಾರಕ್ಕೆ ಎಷ್ಟು ಪೀಸು ಆಯಿತೆಂಬುದು ಮಾಡಿದವನಿಗೂ ಗೊತ್ತು, ಮಾಡಿಸಿದವನಿಗೂ ಗೊತ್ತು. ಆದರೆ ಆ ಪೀಸಿಗಾಗಿ ಎಷ್ಟು ಗಂಟೆ ದುಡಿದದ್ದಾಯಿತು, ಗಂಟೆಗೆ ಬಿದ್ದ ಕೂಲಿ ಎಷ್ಟು, ಅದು ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಮೇಲಿದೆಯೋ ಕೆಳಗಿದೆಯೋ ಎಂದು ಕೇಳಿದರೆ ತೋರಿಸಲು ಕಾಗದ ಎಲ್ಲಿದೆ? “ಲೆಕ್ಕ ಯಾಕವ್ವಾ, ವಾರಾ ವಾರಾ ಕೊಡ್ತೀನಲ್ಲ” ಎಂಬ ಮಾತು ಕೇಳಲು ಹಿತವಾಗಿರಬಹುದು. ಆದರೆ ಮಾತಿನ ಲೆಕ್ಕ ಯಾವ ಅಧಿಕಾರಿಯ ಮುಂದೆಯೂ ಸಾಕ್ಷಿ ಹೇಳುವುದಿಲ್ಲ.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1936ರ ವೇತನ ಪಾವತಿ ಕಾಯಿದೆ, 1948ರ ಕನಿಷ್ಠ ಕೂಲಿ ಕಾಯಿದೆ, 1965ರ ಬೋನಸ್ ಕಾಯಿದೆ, 1976ರ ಸಮಾನ ವೇತನ ಕಾಯಿದೆ, ಈ ನಾಲ್ಕೂ 2019ರ ವೇತನ ಸಂಹಿತೆಯೊಳಗೆ ಸೇರಿಹೋದವು. ಈ ಸಂಹಿತೆಗಳ ಬಗ್ಗೆ ನಮಗೆ ಭಿನ್ನಾಭಿಪ್ರಾಯವಿದೆ. ವಿದ್ಯುತ್ ಬಳಸುವ ಕಡೆ 10 ಮಂದಿ ಕೆಲಸಗಾರರಿದ್ದರೆ ಕಾರ್ಖಾನೆ ಎನಿಸುತ್ತಿದ್ದುದು ಈಗ 20 ಮಂದಿಗೆ ಏರಿದೆ. ಮುಷ್ಕರಕ್ಕೆ 14 ದಿನಗಳ ಮುಂಚಿನ ನೋಟೀಸು ಬೇಕಾಗಿದೆ. ಇನ್‌ಸ್ಪೆಕ್ಟರ್ ಎಂಬ ಹೆಸರಿಗೆ ‘ಫೆಸಿಲಿಟೇಟರ್’ ಎಂಬ ಬಾಲವೂ ಅಂಟಿಕೊಂಡಿದೆ. ಇವುಗಳ ವಿರುದ್ಧ ಹೋರಾಟ ನಡೆಯತಕ್ಕದ್ದೇ. ಆದರೆ ಅದೇ ಕಾನೂನಿನಲ್ಲಿ ದುಡಿಯುವವನ ಕೈಗೆ ದಕ್ಕಿರುವುದನ್ನು ಓದದೆ ಬಿಟ್ಟುಕೊಡುವುದು ಜಾಣತನವಲ್ಲ.

ಕಾನೂನು ಹೇಳುವುದೇನು? ಕನಿಷ್ಠ ಕೂಲಿ ಕೊಡುವ ಹೊಣೆಗೆ ತಲೆ ಎಣಿಕೆಯ ವಿನಾಯಿತಿ ಇಲ್ಲ. ಇಬ್ಬರು ಹೊಲಿಗೆಯವರಿದ್ದರೂ ಅದು ಮಾಲೀಕನ ಮೇಲಿದೆ. ವಾರದ ಕೂಲಿಯನ್ನು ವಾರದ ರಜೆಗೆ ಮುಂಚಿನ ಕೊನೆಯ ಕೆಲಸದ ದಿನವೇ ಕೊಡಬೇಕು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖು ಮುಗಿಯುವುದರೊಳಗೆ ಕೊಡಬೇಕು. ಕೆಲಸ ಬಿಟ್ಟವನ, ಬಿಡಿಸಲ್ಪಟ್ಟವನ ಬಾಕಿ ಎರಡು ಕೆಲಸದ ದಿನಗಳಲ್ಲಿ ತೀರಬೇಕು. ಹೆಚ್ಚು ಹೊತ್ತಿನ ಕೆಲಸಕ್ಕೆ ಎರಡು ಪಟ್ಟು ಕೂಲಿ. ಗಂಡಸಿಗೊಂದು, ಹೆಂಗಸಿಗೊಂದು ದರ ಕೂಡದು. ಹಾಳಾದ ಪೀಸಿನ ನೆವದಲ್ಲಿ ಕೂಲಿ ಮುರಿದುಕೊಳ್ಳಬೇಕಾದರೆ, ಕೆಲಸಗಾರನ ಉತ್ತರ ಕೇಳಿದ ಮೇಲೆ, ಆದ ನಷ್ಟವನ್ನು ಮೀರದಂತೆ ಮಾತ್ರ ಮುರಿಯಬಹುದು. ಎಲ್ಲ ಬಗೆಯ ಮುರಿತ ಸೇರಿದರೂ ಕೂಲಿಯ ಅರ್ಧವನ್ನು ಮೀರುವಂತಿಲ್ಲ. ಇವೆಲ್ಲಕ್ಕೂ ಮೇಲೆ, ಮಾಲೀಕನು ರಿಜಿಸ್ಟರು ಇಡಬೇಕು, ವೇತನ ಚೀಟಿ ಕೊಡಬೇಕು.

ಪೀಸಿನ ಕೆಲಸಕ್ಕೆ ಇದೆಲ್ಲ ಅನ್ವಯಿಸುವುದಿಲ್ಲವೆಂದು ಹೇಳುವವರುಂಟು. ಇದು ತಪ್ಪು. ಪೀಸಿನ ಕೆಲಸಕ್ಕೆ ಬೇರೆಯಾಗಿ ಕನಿಷ್ಠ ದರ ಗೊತ್ತುಮಾಡದೆ, ಕಾಲದ ಲೆಕ್ಕದ ಕನಿಷ್ಠ ಕೂಲಿಯನ್ನು ಮಾತ್ರ ಗೊತ್ತುಮಾಡಿದ್ದರೆ, ಪೀಸಿನ ಮೇಲೆ ದುಡಿಯುವವನಿಗೂ ಆ ಕಾಲದ ಕೂಲಿಗಿಂತ ಕಡಿಮೆ ಕೊಡುವಂತಿಲ್ಲವೆಂದು ಸಂಹಿತೆ ಸ್ಪಷ್ಟವಾಗಿ ಹೇಳಿದೆ. “ಅವರು ನಮ್ಮ ನೌಕರರೇ ಅಲ್ಲ, ಬಂದಾಗ ಬರುತ್ತಾರೆ, ಹೋದಾಗ ಹೋಗುತ್ತಾರೆ” ಎಂಬ ವಾದವೂ ಹಳೆಯದೇ. 1973ರಲ್ಲಿ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿತು. ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುತ್ತ, ಮಾಲೀಕನ ಅಂಗಡಿಯಲ್ಲಿ, ಮಾಲೀಕನ ಯಂತ್ರದ ಮೇಲೆ ಹೊಲಿಯುವ ದರ್ಜಿಗಳು ನೌಕರರೇ ಎಂದು ತೀರ್ಪಾಯಿತು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು 1985ರಲ್ಲಿ ಅದೇ ನ್ಯಾಯಾಲಯ ಹೇಳಿತು. ಬೀಡಿಗೆ ಒಪ್ಪಿದ ನ್ಯಾಯ ಜೀನ್ಸಿನ ದಾರಕ್ಕೆ ಒಪ್ಪದೆ ಹೋಗಲು ಕಾರಣವೇನು?

ಇನ್ನು ತಲೆ ಎಣಿಕೆಯ ವಿಚಾರ. ಇ.ಎಸ್.ಐ.ಗೆ, ಗ್ರಾಚ್ಯುಟಿಗೆ 10 ಮಂದಿ ಇರಬೇಕು. ಭವಿಷ್ಯನಿಧಿಗೆ, ಬೋನಸ್ಸಿಗೆ 20 ಮಂದಿ. ಇ.ಎಸ್.ಐ.ಗೆ ಮಾಲೀಕನ ಪಾಲು ಕೂಲಿಯ ನೂರಕ್ಕೆ 3.25, ಕೆಲಸಗಾರನ ಪಾಲು 0.75 ಎಂದು 2019ರ ಜುಲೈಯಲ್ಲಿ ಗೊತ್ತಾಯಿತು. ಇಷ್ಟಕ್ಕೆ ಕಾಯಿಲೆಗೆ ಔಷಧ, ರಜೆಯ ದಿನಗಳಿಗೆ ಭತ್ಯೆ, ಹೆರಿಗೆಗೆ ಸಂಬಳ ದೊರೆಯುತ್ತದೆ. ಆದರೆ ಒಬ್ಬನೇ ವ್ಯಾಪಾರಿಯ ಕೆಲಸವನ್ನು ಎಂಟೆಂಟು ಮಂದಿಯ ಮೂರು ಮನೆಗಳಿಗೆ ಹಂಚಿದರೆ ಏನಾಗುತ್ತದೆ? 24 ಮಂದಿ ದುಡಿಯುತ್ತಾರೆ, ಆದರೆ ಪುಸ್ತಕದಲ್ಲಿ 10 ಮಂದಿಯೂ ಇರುವುದಿಲ್ಲ. ಪುಸ್ತಕವೇ ಇಲ್ಲದಿದ್ದರೆ ಎಣಿಸುವವರು ಯಾರು? ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಇಂಥಲ್ಲಿಯೇ ಹುಟ್ಟಿದ್ದಿರಬೇಕು.

ಸಣ್ಣ ಮಾಲೀಕರ ಕಷ್ಟವನ್ನು ನಾವು ಅರಿಯದವರಲ್ಲ. ದೂರದ ಪೇಟೆಯ ವ್ಯಾಪಾರಿ ದರ ಕಟ್ಟುತ್ತಾನೆ, ಉದ್ದರಿ ಕೇಳುತ್ತಾನೆ, ಮಾಲು ಹಿಂದಕ್ಕೆ ಕಳಿಸುತ್ತಾನೆ. ಬಟ್ಟೆ, ದಾರ, ಕರೆಂಟು ಎಲ್ಲದರ ಬಿಲ್ಲನ್ನೂ ಮಾಲೀಕ ತುಂಬಲೇಬೇಕು. ಕಡಿತ ಮಾಡಬಹುದಾದ ಬಾಬು ಅವನ ಕಣ್ಣಿಗೆ ಒಂದೇ ಕಾಣುತ್ತದೆ, ಅದು ಕೂಲಿ. ಆದರೆ ಶಕ್ತಿಯಿಲ್ಲವೆಂಬ ಮಾತನ್ನು ಕೇರಳದ ಹೆಂಚಿನ ಕಾರ್ಖಾನೆಗಳ ಮಾಲೀಕರು ಸುಪ್ರೀಂ ಕೋರ್ಟಿನಲ್ಲಿ ಹೇಳಿ ನೋಡಿದರು. ಕನಿಷ್ಠ ಕೂಲಿ ಗೊತ್ತುಮಾಡುವಾಗ ಮಾಲೀಕನ ಶಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲವೆಂದು 1961ರಲ್ಲಿ ತೀರ್ಪು ಬಂದಿತು. 1982ರ ಏಷ್ಯಾಡ್ ಕಾರ್ಮಿಕರ ಮೊಕದ್ದಮೆಯಲ್ಲಂತೂ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲಾತ್ಕಾರದ ದುಡಿಮೆಯೆಂದೇ ನ್ಯಾಯಾಲಯ ಹೇಳಿತು. ಎಲ್ಲ ಮಾಲೀಕರೂ ಒಂದೇ ಕೂಲಿ ದರಕ್ಕೆ ಬದ್ಧರಾದರೆ ವ್ಯಾಪಾರಿಯ ಮುಂದೆ ಯಾರೂ ತಮ್ಮ ಕೆಲಸಗಾರರ ಹೊಟ್ಟೆಯನ್ನು ಹರಾಜಿಗಿಡಬೇಕಾಗುವುದಿಲ್ಲ. ಆದುದರಿಂದ ಕನಿಷ್ಠ ಕೂಲಿ ನ್ಯಾಯವಾಗಿ ನಡೆಯುವ ಸಣ್ಣ ಮಾಲೀಕನಿಗೂ ರಕ್ಷಣೆಯೇ.

ಈ ಪಾಠವನ್ನು ಇಂಗ್ಲೆಂಡು ನೂರು ವರ್ಷಕ್ಕೂ ಹಿಂದೆ ಕಲಿಯಿತು. ಅಲ್ಲಿನ 1909ರ ಟ್ರೇಡ್ ಬೋರ್ಡ್ ಕಾಯಿದೆ ಮೊದಲು ಕೈಗೆತ್ತಿಕೊಂಡ ನಾಲ್ಕು ಕಸುಬುಗಳಲ್ಲಿ ಸಿದ್ಧ ಉಡುಪಿನ ಹೊಲಿಗೆಯೂ ಒಂದು. ಮರುವರ್ಷ ಕ್ರೇಡ್ಲಿ ಹೀತ್ ಎಂಬ ಊರಿನಲ್ಲಿ ಮನೆಯ ಹಿತ್ತಿಲ ಕುಲುಮೆಗಳಲ್ಲಿ ಸರಪಳಿ ಬಡಿಯುತ್ತಿದ್ದ ಹೆಂಗಸರು, ಗೊತ್ತಾದ ದರವನ್ನು ಮಾಲೀಕರು ಕೊಡದಿದ್ದಾಗ, ಮೇರಿ ಮೆಕಾರ್ಥರ್ ಅವರ ಮುಂದಾಳುತನದಲ್ಲಿ ಹತ್ತು ವಾರ ಹೋರಾಡಿ ಗೆದ್ದರು. ಕಾನೂನು ಬಂದಿತ್ತು, ಕೂಲಿ ಬಂದದ್ದು ಸಂಘಟನೆಯಿಂದ.

ಪೀಸಿನ ಕೆಲಸದ ಬಗ್ಗೆ ಅಲ್ಲಿ ಈಗಿರುವ ನಿಯಮವೂ ಗಮನಾರ್ಹ. ಗಂಟೆಯ ಲೆಕ್ಕವಿಡಲಾಗದ ಪೀಸಿನ ಕೆಲಸಕ್ಕೆ ಮಾಲೀಕನು ಕೆಲಸಗಾರರ ಸರಾಸರಿ ವೇಗವನ್ನು ಪರೀಕ್ಷಿಸಿ ನೋಡಬೇಕು. ಆ ವೇಗಕ್ಕೆ ಬೀಳುವ ದರವನ್ನು 1.2ರಿಂದ ಗುಣಿಸಿ ಪೀಸಿನ ದರ ಕಟ್ಟಬೇಕು. 2005ರಿಂದ ಈ ಲೆಕ್ಕ ನಡೆದಿದೆ. ಉದಾಹರಣೆಗೆ, ಗಂಟೆಯ ಕೂಲಿ 60 ರೂಪಾಯಿ, ಸರಾಸರಿ ಕೈ ಗಂಟೆಗೆ ಹಚ್ಚುವ ಜೇಬು 10 ಎಂದಿಟ್ಟುಕೊಳ್ಳಿ. ಬರೀ ಸರಾಸರಿಯಲ್ಲಿ ಜೇಬಿಗೆ 6 ರೂಪಾಯಿ. ಆ ನಿಯಮದಲ್ಲಿ 7 ರೂಪಾಯಿ 20 ಪೈಸೆ. ಗಂಟೆಗೆ 8 ಜೇಬು ಮಾತ್ರ ಹಚ್ಚಬಲ್ಲ ವಯಸ್ಸಾದ ಕೈಗೆ 48 ರೂಪಾಯಿಯ ಬದಲು 57 ರೂಪಾಯಿ 60 ಪೈಸೆ ಸಿಗುತ್ತದೆ. ಅತಿ ಚುರುಕಿನವನನ್ನು ಅಳತೆಗೋಲು ಮಾಡಿ ಮಿಕ್ಕವರನ್ನು ಸೋಮಾರಿಗಳೆನ್ನುವ ಉಪಾಯಕ್ಕೆ ಇದು ತಡೆ. ಹಾಗೆಂದು ಅಲ್ಲಿ ರಾಮರಾಜ್ಯವಿದೆಯೆಂದಲ್ಲ. ಗಂಟೆಗೆ 8.72 ಪೌಂಡ್ ಕೊಡಬೇಕಾಗಿದ್ದ 2020ರಲ್ಲಿ ಲೆಸ್ಟರ್ ನಗರದ ಉಡುಪಿನ ಘಟಕಗಳಲ್ಲಿ 3.50 ಪೌಂಡಿಗೆ ದುಡಿಸುತ್ತಿದ್ದರೆಂದು ಪತ್ರಿಕೆಗಳು ಬಯಲಿಗೆಳೆದವು. ಲೆಕ್ಕ ನೋಡುವವರಿಲ್ಲದ ಕಡೆ ಲಂಡನ್ನಿನ ಕಾನೂನೂ ಅಷ್ಟೇ, ದೆಹಲಿಯ ಕಾನೂನೂ ಅಷ್ಟೇ.

ನಮ್ಮ ನಾಡಿಗೂ ಅಳತೆಯ ಹೋರಾಟ ಹೊಸದೇನಲ್ಲ. 1951ರ ಕಾಗೋಡು ಸತ್ಯಾಗ್ರಹದ ಬೇರಿನಲ್ಲಿ ಗೇಣಿ ಅಳೆಯುವ ಕೊಳಗದ ಜಗಳವಿತ್ತು. ಕೊಳಗ ಯಾರ ಕೈಯಲ್ಲಿದೆಯೋ ಬೆಳೆ ಅವನದೆಂಬುದನ್ನು ಮಲೆನಾಡಿನ ಗೇಣಿದಾರ ಅಂದೇ ಅರಿತ. ಕೌಲ್ ಬಜಾರಿನಲ್ಲಿ ಇಂದು ಆ ಕೊಳಗದ ಜಾಗದಲ್ಲಿರುವುದು ಪೀಸಿನ ಲೆಕ್ಕ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಪ್ರತಿ ಘಟಕದಲ್ಲೂ ಯಾವ ಕೆಲಸಕ್ಕೆ ಎಷ್ಟು ದರವೆಂಬ ಪಟ್ಟಿಯನ್ನು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ, ಕನ್ನಡ, ಉರ್ದು, ತೆಲುಗುಗಳಲ್ಲಿ, ಗೋಡೆಗೆ ಹಚ್ಚಬೇಕು. ಬಟವಾಡೆಯ ದಿನ ಪೀಸು, ಗಂಟೆ, ಮುರಿತ, ಕೈಗೆ ಬಂದದ್ದು, ಈ ನಾಲ್ಕೂ ಇರುವ ಚೀಟಿ ಕೊಡಬೇಕು. ಕಾರ್ಮಿಕ ಇಲಾಖೆಯವರು ಮಾಲೀಕರನ್ನೂ ಕೆಲಸಗಾರರನ್ನೂ ಕೂಡಿಸಿ ಸರಾಸರಿ ವೇಗವನ್ನು ಪರೀಕ್ಷಿಸಿ, ಜೀನ್ಸ್ ಹೊಲಿಗೆಯ ಒಂದೊಂದು ಕೆಲಸಕ್ಕೂ ಪೀಸಿನ ಕನಿಷ್ಠ ದರ ಪ್ರಕಟಿಸುವಂತೆ ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಬೇರೆ ಬೇರೆ ಮನೆಗಳಲ್ಲಿ ಹಂಚಿದ್ದರೂ ಒಬ್ಬನೇ ಒಡೆಯನ ಕೆಲಸವಾಗಿದ್ದರೆ ತಲೆಗಳನ್ನು ಒಟ್ಟಿಗೆ ಎಣಿಸಬೇಕು. ಸರ್ಕಾರದ ನೆರವು, ಸಾಲ, ಪಾರ್ಕಿನ ನಿವೇಶನ, ಯಾವುದಿದ್ದರೂ ಬಟವಾಡೆ ಪುಸ್ತಕ ತೋರಿಸಿದವರಿಗೆ ಮಾತ್ರ ದೊರೆಯಬೇಕು.

ಕೆಲಸಗಾರ ಬಂಧುಗಳಿಗೂ ಒಂದು ಮಾತು. ಕೂಲಿ ಬಾಕಿಯ ದಾವೆಯನ್ನು ಮೂರು ವರ್ಷಗಳೊಳಗೆ ಹೂಡಬಹುದು. ಒಬ್ಬನಾಗಿಯೂ ಹೂಡಬಹುದು, ಸಂಘದ ಮೂಲಕವೂ ಹೂಡಬಹುದು. ಅಧಿಕಾರಿಯು ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಕೂಲಿ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕನದೇ, ಕೇಳುವವನದಲ್ಲ. ಆದರೂ ನಿಮ್ಮ ಕಡೆಯ ಲೆಕ್ಕ ನಿಮ್ಮ ಹತ್ತಿರ ಇರಲಿ. ಹತ್ತು ರೂಪಾಯಿಯ ನೋಟುಪುಸ್ತಕವೊಂದನ್ನು ಕೊಂಡು ದಿನವೂ ಪೀಸು, ಬಂದ ಹೊತ್ತು, ಹೋದ ಹೊತ್ತು, ಕೈಗೆ ಬಂದ ದುಡ್ಡು ಬರೆದಿಡಿ. ಓದು ಬಾರದ ತಾಯಂದಿರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ಒಬ್ಬಳ ಪುಸ್ತಕವನ್ನು ಮಾಲೀಕ ನಕ್ಕು ಬದಿಗೆ ಸರಿಸಬಹುದು. ಒಂದು ಓಣಿಯ ನೂರು ಪುಸ್ತಕಗಳು ಒಂದೇ ಲೆಕ್ಕ ಹೇಳಿದರೆ ಇಲಾಖೆಯೂ ಕಣ್ಣು ಮುಚ್ಚಿ ಕೂರಲಾರದು.