ಕುಂಡದಾಗಿನ ಕೆಂಪು ಹಣ್ಣಿಗೆ ಒಂದು ಹೆಸರು ಬರೀರಿ

ಈ ವಾರ ಕಡ್ಲಿ ಕಾಯಿಕೊರಕದ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕ ಇರ್ಲಿ. ಇವತ್ತ ಒಂದು ಕುಂಡದ ಬಗ್ಗೆ ಬರೀತೀನಿ. "ಕಾಕಾ ಹೊಲ ಬಿಟ್ಟು ಶೋ ಗಿಡದ ಬೆನ್ನ ಹತ್ಯಾನ" ಅಂತ ನಗೋರು ನಗ್ರಿ, ಆದ್ರ ಪೂರಾ ಓದಿ ನಗ್ರಿ.

ದೀಪಾವಳಿ ಮುಂದ ಸೊಸಿ ಪ್ಯಾಟಿಯಿಂದ 150 ರೂಪಾಯಿ ಕೊಟ್ಟು ಒಂದು ಗಿಡ ತಂದಳು. ಮೊಳ ಎತ್ತರ, ಮೆಣಸಿನಗಿಡದ ಹಾಂಗ ಎಲಿ, ಮೈತುಂಬ ಗೋಲಿಯಷ್ಟು ದುಂಡನ ಹಣ್ಣು. ಒಂದಿಷ್ಟು ಹಸರು, ಒಂದಿಷ್ಟು ಹಳದಿ, ಉಳಿದವು ಕೆಂಪು. ಚಂದ ಅದ, ಅದರಾಗ ಎರಡು ಮಾತಿಲ್ಲ. ಹೆಸರೇನಂದ್ರ "ಚೆರ್ರಿ" ಅಂದನಂತ ಮಾರಾವ. ಪಡಸಾಲಿ ಕಿಟಕಿ ಹತ್ರ ಇಟ್ವಿ.

ಎಳ್ಳ ಅಮಾಸಿಗೆ ಮಗಳು ಮೊಮ್ಮಗನ್ನ ಕರಕೊಂಡು ಬಂದಳು. ಹುಡುಗಗ ಐದು ವರ್ಷ. ಹೊಲಕ್ಕ ಹೋಗಿ ಚರಗ ಚೆಲ್ಲಿದ್ವಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಂಡ್ವಿ. ಬಾಂದಿನ ಮ್ಯಾಲೆ ಗಣಿಕೆ ಗಿಡ ಇದ್ವು, ಕೆಲವರು ಕಾಕಿ ಹಣ್ಣು ಅಂತಾರಲ್ಲ, ಅದು. ಕಪ್ಪಗ ಹಣ್ಣಾದವು ಆರಿಸಿ ನಾನೇ ಹುಡುಗನ ಕೈಯಾಗ ಹಾಕಿದೆ. "ಹಸರು ಇದ್ದಾಗ ತಿನ್ನಬಾರ್ದು, ಹಣ್ಣಾದ ಮ್ಯಾಲೆ ತಿನ್ನಬೇಕು" ಅಂತ ಶಾಣ್ಯಾನಂಗ ಪಾಠನೂ ಹೇಳಿದೆ.

ಮರುದಿನ ಮುಂಜಾನಿ ಕುಂಡದಾಗ ನಾಕೈದು ಕೆಂಪು ಹಣ್ಣು ಇಲ್ಲ. ಕೇಳಿದ್ರ "ಮುತ್ಯಾ, ಹಸರು ಬಿಟ್ಟು ಹಣ್ಣಾಗಿದ್ದೇ ತಿಂದೀನಿ" ಅಂದ. ನನ್ನ ಪಾಠ ನನಗೇ ತಿರುಗಿ ಬಂತು.

ಸ್ವಲ್ಪ ಹೊತ್ತಿಗೆ ಹೊಟ್ಟಿ ನೋವು, ಎರಡು ಸಲ ವಾಂತಿ. ಭಾಲ್ಕಿಗೆ ಒಯ್ದ್ವಿ. ಡಾಕ್ಟರ್ ಮೊದಲು ಕೇಳಿದ್ದು ಒಂದೇ: "ಯಾವ ಗಿಡ? ಹೆಸರೇನು?" ಮೂವತ್ತು ವರ್ಷ ಒಕ್ಕಲುತನ ಮಾಡಿದವ, ನನ್ನ ಬಾಯಾಗ ಉತ್ತರ ಇಲ್ಲ. "ಚೆರ್ರಿ" ಅಂದ್ರ ಅವರು ನನ್ನ ಮುಖ ನೋಡಿದ್ರು. ಮಗ ಮನಿಗೆ ಓಡಿ ಹಣ್ಣಿನ ಸಮೇತ ಟೊಂಗಿ ಮುರಕೊಂಡು ಬಂದ. ಅದರ ಫೋಟೋ ತೋಟಗಾರಿಕೆ ಓದಿದ ಪರಿಚಯದ ಹುಡುಗಗ ಕಳಿಸಿದ ಮ್ಯಾಲೆ ಹೆಸರು ಸಿಕ್ತು. ಸಂಜಿ ತನಕ ಇಟ್ಟುಕೊಂಡು ನೋಡಿದ್ರು, ಹುಡುಗ ಆರಾಮಾದ.

ಅದರ ಹೆಸರು ಜೆರುಸಲೇಮ್ ಚೆರ್ರಿ. ಅದು ಚೆರ್ರಿನೂ ಅಲ್ಲ, ಜೆರುಸಲೇಮಿನದೂ ಅಲ್ಲ. ಮೂಲ ದಕ್ಷಿಣ ಅಮೆರಿಕ. ಟಮಾಟಿ, ಬದನಿ, ಆಲೂಗಡ್ಡಿ ಕುಟುಂಬದ್ದು, ನಮ್ಮ ಗಣಿಕೆಗೂ ಬಳಗನೇ. ಶಾಸ್ತ್ರದಾಗ ಸೊಲ್ಯಾನಮ್ ಸೂಡೋಕ್ಯಾಪ್ಸಿಕಮ್ ಅಂತಾರ. ಸೂಡೋಕ್ಯಾಪ್ಸಿಕಮ್ ಅಂದ್ರೇನು ಗೊತ್ತೇನ್ರಿ? ಸುಳ್ಳು ಮೆಣಸಿನಕಾಯಿ! 1753ರಾಗ ಲಿನೇಯಸ್ ಇಟ್ಟ ಹೆಸರು ಖರೇ ಹೇಳ್ತದ, ನಮ್ಮ ಪ್ಯಾಟಿ ಹೆಸರು ಸುಳ್ಳು ಹೇಳ್ತದ. ಅದರ ಎಲಿ, ಕಾಯಿ, ಹಣ್ಣು ಎಲ್ಲಾದ್ರಾಗೂ ವಿಷದ ಅಂಶ ಅದ. ಜೀವ ಹೋಗೋದು ಭಾಳ ಕಮ್ಮಿ, ಆದ್ರ ಸಣ್ಣ ಮಕ್ಕಳಿಗೆ ವಾಂತಿ, ಹೊಟ್ಟಿ ನೋವು ಆಗಬಹುದು.

ಈಗ ನನ್ನ ಸಿಟ್ಟು ಗಿಡದ ಮ್ಯಾಲೆ ಅಲ್ಲ. ನಾವು ಸೋಯಾ ಬೀಜದ ಚೀಲ ತಂದ್ರ ಅದಕ್ಕ ಚೀಟಿ ಇರ್ತದ. ತಳಿ ಯಾವುದು, ಮೊಳಕಿ ಎಷ್ಟು, ತಾರೀಖು ಯಾವುದು. ಸೋಯಾಕ್ಕ ಕನಿಷ್ಠ 70 ಮೊಳಕಿ ಬೇಕು. 1966ರ ಬೀಜ ಕಾಯ್ದೆಯಿಂದ ಬಂದ ಪದ್ಧತಿ ಇದು. ಔಷಧಿ ಡಬ್ಬಿ ಮ್ಯಾಲೆ ಕೆಂಪು, ಹಳದಿ, ನೀಲಿ, ಹಸರು ಗುರ್ತು ಇರ್ತದ, ಅಕ್ಷರ ಬರಲಾರದವನೂ ಕೆಂಪು ನೋಡಿ ಹುಷಾರಾಗ್ತಾನ. ಮನಿ ಒಳಗ, ಮಕ್ಕಳ ಕೈ ಮುಟ್ಟೋ ಎತ್ತರಕ್ಕ ಬರೋ ಕುಂಡಕ್ಕ ಮಾತ್ರ ಒಂದು ಚೀಟಿ ಇಲ್ಲ! "ತಿನ್ನಬ್ಯಾಡ್ರಿ" ಅಂತ ಒಂದು ಪದ ಬರೀಲಾಕ ಮಾರಾವಗ ಎಷ್ಟು ಖರ್ಚು? ನಾನು ಹೋಗಿ ಕೇಳಿದೆ. "ಶೋ ಗಿಡ ಕಾಕಾ, ಯಾರ್ ತಿಂತಾರ" ಅಂದ. ತಿಂದಾರಪ್ಪಾ, ನಮ್ಮ ಮನ್ಯಾಗ ತಿಂದಾರ.

ಊರಾಗ ಒಬ್ರು ವಾದ ಮಾಡಿದ್ರು: "ಔಡಲ ಬೀಜನೂ ವಿಷ, ಗುಲಗಂಜಿನೂ ವಿಷ. ಅವಕ್ಕ ಚೀಟಿ ಹಚ್ತಿಯೇನು?" ಹಚ್ಚೋದು ಬ್ಯಾಡ. ಔಡಲ ತಿನ್ನಬಾರ್ದು ಅಂತ ನಮ್ಮವ್ವ ನನಗ ಹೇಳ್ಯಾಳ, ಅಕಿಗೆ ಅಕಿ ಅವ್ವ ಹೇಳ್ಯಾಳ. ಬಾಂದಿನ ಗಿಡದ ಜೊತಿ ಅದರ ತಿಳುವಳಿಕಿನೂ ಊರಾಗೇ ಬೆಳದದ. ಪ್ಯಾಟಿ ಕುಂಡ ಒಂಟಿಯಾಗಿ ಬರ್ತದ, ತಿಳುವಳಿಕಿ ಹಿಂದೇ ಉಳೀತದ. ರೋಜಾ ಬಣ್ಣ, ಹಳದಿ ಬಣ್ಣದ ಹೂವಿನ ಲಂಟಾನನೂ ಅಂದಕ್ಕಂತನೇ ಇಂಗ್ಲೀಷರ ಕಾಲಕ್ಕ ಬಂದದ್ದು. ಈಗ ಅದನ್ನ ಮೇಯ್ದ ದನಕ್ಕ ಕಾಮಾಲಿ ಆಗೋದು ನಾವೇ ನೋಡ್ತೀವಿ. ಸಾಲಿ, ಆಫೀಸ್ ಮುಂದ ಕತ್ತರಿ ಹೊಡೆದ ಡುರಾಂಟಾ ಬೇಲಿ ಅದ ನೋಡ್ರಿ, ಅದರ ಹಳದಿ ಹಣ್ಣೂ ಮಕ್ಕಳಿಗೆ ಆಗಲ್ಲ. ಯಾವ ಮಾಸ್ತರರಾದ್ರೂ ಹೇಳ್ಯಾರೇನು?

ಹಾಂಗಂತ ಕಿತ್ತು ಒಗೀರಿ ಅಂತ ನಾ ಅನ್ನಂಗಿಲ್ಲ. ದುಡ್ಡು ಕೊಟ್ಟು ತಂದೀರಿ, ಸರಿಯಾಗಿ ಸಾಕ್ರಿ. ತಳಕ್ಕ ತೂತು ಇರೋ ಕುಂಡ ಬೇಕು. ಬರೇ ಕರಿಮಣ್ಣು ಹಾಕಿದ್ರ ನೀರು ನಿಂತು ಬೇರು ಕೊಳೀತದ, ಕೆಂಪು ಮಣ್ಣು, ಉಸುಕು, ಹಳೇ ತಿಪ್ಪಿಗೊಬ್ಬರ ಕೂಡಿಸ್ರಿ. ಬೆಟ್ಟು ಇಟ್ಟು ನೋಡಿ ಮ್ಯಾಲಿನ ಮಣ್ಣು ಒಣಗಿದ್ರಷ್ಟೇ ನೀರು. ಮುಂಜಾನಿ ಬಿಸಲು ಬೇಕು. ಇದು ತಂಪು ಬಯಸೋ ಗಿಡ, ನಮ್ಮ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಬಿಸಲಿಗೆ ಇಟ್ರ ಎಲಿ ಉದುರಿಸ್ತದ. ಮನಿ ಒಳಗ ಹೂ ಬಿಟ್ಟಾಗ ಗಾಳಿ ಇರಂಗಿಲ್ಲ, ಟೊಂಗಿ ಮೆಲ್ಲಗ ಅಲುಗಾಡಿಸಿದ್ರ ಕಾಯಿ ಕಟ್ತದ. ಹಣ್ಣು ಮುಗಿದ ಮ್ಯಾಲೆ ಕತ್ತರಿಸ್ರಿ. ಬಿಳಿನೊಣ, ಕೆಂಪು ನುಸಿ ಇದಕ್ಕ ಬಲು ಲಗೂ ಹತ್ತತಾವ. ಅದಕ್ಕ ಟಮಾಟಿ, ಮೆಣಸಿನ ಸಸಿ ಮಡಿ ಹತ್ರ ಅಪ್ಪಿತಪ್ಪಿನೂ ಇಡಬ್ಯಾಡ್ರಿ. ಕತ್ತರಿಸಿದ ಟೊಂಗಿ ಆಡು, ಕೋಳಿ ಮುಂದ ಒಗೀಬ್ಯಾಡ್ರಿ.

ಮಕ್ಕಳು ಏನಾದ್ರೂ ತಿಂದ್ರ ಗಂಟಲಾಗ ಬೆಟ್ಟು ಹಾಕಿ ವಾಂತಿ ಮಾಡಿಸಲಾಕ ಹೋಗಬ್ಯಾಡ್ರಿ. ಬಾಯಾಗಿಂದು ತೆಗೀರಿ, ಟೊಂಗಿ ಕೈಯಾಗ ಹಿಡೀರಿ, ದವಾಖಾನಿಗೆ ಹೋಗ್ರಿ. ಗಾಡಿ ಇಲ್ಲಂದ್ರ 108.

ಸಣ್ಣ ಮಕ್ಕಳು ಇರೋ ಮನ್ಯಾಗ ಬಣ್ಣ ಬೇಕೇ ಬೇಕು ಅಂದ್ರ ಲವಂಗಿ ಮೆಣಸಿನಕಾಯಿ ಹಚ್ರಿ. ಅದೂ ಕೆಂಪಗ ನಿಲ್ತದ, ಒಗ್ಗರಣಿಗೂ ಆಗ್ತದ. ಹುಡುಗ ಒಂದು ಸಲ ಕಡಿದ್ರ ಎರಡನೇ ಸಲ ಮುಟ್ಟಂಗಿಲ್ಲ, ಚೀಟಿ ಅದರ ಒಳಗೇ ಅದ. ಅಂಗಳ ಇದ್ರ ಒಂದು ಕವಳಿ ಗಿಡ, ಉಪ್ಪಿನಕಾಯಿಗೂ ಬರ್ತದ.

ನಮ್ಮ ಕುಂಡ ಈಗ ಮಾಳಗಿ ಮ್ಯಾಲೆ ನೀರಿನ ಟಾಕಿ ನೆರಳಿನ್ಯಾಗ ಅದ. ಅದರ ಮೈಗೆ ಸೊಸಿ ಪೇಂಟಿನಾಗ ಬರದಾಳ: "ಸುಳ್ಳು ಮೆಣಸಿನಕಾಯಿ. ತಿನ್ನಬಾರ್ದು." ಆ ಅಂಗಡಿಯವಗೂ ಅದರ ಫೋಟೋ ಕಳಿಸೀನಿ. ಎರಡು ನೀಲಿ ಗೆರಿ ಬಂದಾವ, ಉತ್ತರ ಬಂದಿಲ್ಲ. ನೀವೂ ಮುಂದಿನ ಸಲ ಗಿಡ ಕೊಳ್ಳುವಾಗ ಹೆಸರು ಬರೆಸಿಕೊಂಡೇ ರೊಕ್ಕ ಕೊಡ್ರಿ, ಬರೀದಿದ್ರ ಕುಂಡ ಅಲ್ಲೇ ಇಟ್ಟು ಬರ್ರಿ.